ಚದರ ಅಂದರೆ ಎಷ್ಟು? ದಾವಣಗೆರೆಯಲ್ಲಿ ಮನೆ ಕಟ್ಟಿಸಿದ ನನ್ನ ಅನುಭವ

ಸೈಟು ನೋಡಲು ಶುರು ಮಾಡಿದ ವಾರವೇ ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದಿಟ್ಟೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಯಜಮಾನರದು ಹರಿಹರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಏಜೆಂಟರು, ವಕೀಲರು, ಬ್ಯಾಂಕಿನವರು, ಮೇಸ್ತ್ರಿ ಆಡಿದ ಒಂದೊಂದು ಹೊಸ ಪದವನ್ನೂ ಎಡಗಡೆ ಪುಟದಲ್ಲಿ ಬರೆದುಕೊಂಡೆ. ಅದರ ಅರ್ಥ ಖಚಿತವಾದ ದಿನ ಬಲಗಡೆ ಪುಟದಲ್ಲಿ ಬರೆದೆ. ಬಲಪುಟ ತುಂಬದ ಪದದ ಮೇಲೆ ಒಂದು ರೂಪಾಯಿಯನ್ನೂ ಕೊಡಬಾರದು ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

2021ರ ದೀಪಾವಳಿ ಹೊತ್ತಿಗೆ ಶಾಮನೂರು ಕಡೆ, ಹದಡಿ ರಸ್ತೆ ಕಡೆ, ಬಾತಿ ಕಡೆ ಎಲ್ಲ ಸುತ್ತಿದೆವು. ನಮ್ಮೂರ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳೇ ಬಡಾವಣೆಗಳಾಗುತ್ತಿವೆ. ಕಲ್ಲು ನೆಟ್ಟ ಸೈಟಿನ ಪಕ್ಕದಲ್ಲೇ ಭತ್ತ ಕೊಯ್ದ ಕೂಳೆ ಕಾಣುತ್ತದೆ. ಅಲ್ಲಿ ಏಜೆಂಟರ ಬಾಯಿಂದ ಮೊದಲು ಬರುತ್ತಿದ್ದ ಮಾತು "ಅಲಿನೇಷನ್ ಆಗೈತ್ರಿ, ಏನೂ ತೊಂದ್ರೆ ಇಲ್ಲ" ಅಂತ. ಎಡಪುಟದ ಮೊದಲ ಪದವೇ ಅದು.

ಅಲಿನೇಷನ್ ಅಂದರೆ ಭೂ ಪರಿವರ್ತನೆ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬಹುದು ಅಂತ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಆದೇಶ. ಅಷ್ಟಾದರೆ ಜಮೀನು ಗದ್ದೆಯ ಲೆಕ್ಕದಿಂದ ಹೊರಬಂತು, ಬಡಾವಣೆ ಇನ್ನೂ ಆಗಲಿಲ್ಲ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ದೂಡಾ ಅನ್ನುವುದು, ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಬಿಡಿಸಿ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡಬೇಕು. ಆಮೇಲೆ ಆ ಕೆಲಸಗಳು ಆದಂತೆ ಸೈಟುಗಳನ್ನು ಬಿಡುಗಡೆ ಮಾಡಬೇಕು. ಪರಿವರ್ತನೆ, ನಕ್ಷೆ, ಬಿಡುಗಡೆ ಅಂತ ಮೂರು ಮೆಟ್ಟಿಲು. "ಅಲಿನೇಷನ್ ಆಗೈತಿ" ಅನ್ನುವವರು ಮೊದಲನೇ ಮೆಟ್ಟಿಲಲ್ಲಿ ನಿಂತು ಮೂರನೆಯದರ ರೇಟು ಕೇಳುತ್ತಿದ್ದರು. ನಾನು ಬಿಡುಗಡೆ ಪತ್ರದಲ್ಲಿ ಸೈಟ್ ನಂಬರ್ ತೋರಿಸಿ ಅಂದ ಕೂಡಲೇ ಮೂರು ಕಡೆ ಮಾತು ಅಲ್ಲಿಗೇ ನಿಂತಿತು.

ಇನ್ನು ಕೆಲವರು ತೋರಿಸಿದ್ದು ರೆವಿನ್ಯೂ ಸೈಟು. ಪಹಣಿಯಲ್ಲಿ ಹೊಲವಾಗಿಯೇ ಇರುವ ಜಾಗವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವುದು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ರೇಟು ಅರ್ಧಕ್ಕರ್ಧ ಕಮ್ಮಿ ಅನ್ನಿಸುತ್ತದೆ, ನಿಜ. ಆದರೆ ಮುಂದಿನ ರಸ್ತೆ ಯಾರದ್ದು ಅಂತ ಕೇಳಿದರೆ ಕೈ ತೋರಿಸುತ್ತಾರೆ, ಕಾಗದ ತೋರಿಸುವುದಿಲ್ಲ. ನಾವು ಅತ್ತ ಮತ್ತೆ ಹೋಗಲಿಲ್ಲ.

ಕೊನೆಗೆ ನಮಗೆ ಒಪ್ಪಿಗೆಯಾಗಿದ್ದು ದೂಡಾ ಅನುಮೋದಿತ ಬಡಾವಣೆಯ ಒಂದು ಸೈಟು. ಮಾರುವವರ ತಂದೆ ಕೊಂಡಿದ್ದು. ತಂದೆ ತೀರಿಹೋಗಿದ್ದರು, ಮಗನ ಹೆಸರಿಗೆ ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆ ವಾರಸುದಾರರಿಗೆ ಬದಲಾಗುವುದು, ಆಗಿತ್ತು. ಋಣಭಾರ ಪತ್ರ, ಎಲ್ಲರೂ ಇಸಿ ಅನ್ನುವುದು, ತೆಗೆಸಿದೆವು. ತಂದೆಯ ಕ್ರಯ ಒಂದು ಬಿಟ್ಟರೆ ಸಾಲ, ಅಡಮಾನ ಏನೂ ಇಲ್ಲ. ಮುಂಗಡ ಕೊಟ್ಟುಬಿಡೋಣ ಅಂತ ಯಜಮಾನರು ಹೊರಟೇ ಬಿಟ್ಟಿದ್ದರು. ಕಾಗದ ನೋಡಿದ ವಕೀಲರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ವಂಶವೃಕ್ಷ ಎಲ್ಲಿ ಮೇಡಂ?"

ಆ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು ವಂಶವೃಕ್ಷ ಕೈಗೆ ಬಂದಾಗ. ಮಗನ ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮದುವೆಯಾಗಿ ಬೇರೆ ಊರಲ್ಲಿದ್ದವರು. ನೋಂದಣಿ ಆದ ವಹಿವಾಟು ಮಾತ್ರ ಇಸಿಯಲ್ಲಿ ಕಾಣುತ್ತದೆ. ಸಾವು ಕಾಣುವುದಿಲ್ಲ, ವಾರಸುದಾರರು ಕಾಣುವುದಿಲ್ಲ, ಮನೆಯೊಳಗೆ ಬರೆದಿಟ್ಟ ಕರಾರು ಕಾಣುವುದಿಲ್ಲ. "ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ, ಇದು ಅದಕ್ಕೂ ಹಿಂದಿನ ಆಸ್ತಿ" ಅಂತ ಏಜೆಂಟರು ವಾದ ಮಾಡಿದರು. ವಕೀಲರು ತಿದ್ದಿ ಹೇಳಿದ್ದನ್ನು ಬಲಪುಟದಲ್ಲಿ ಹಾಗೇ ಬರೆದುಕೊಂಡಿದ್ದೇನೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯದು. ತಂದೆ ಸ್ವಂತ ದುಡಿಮೆಯಿಂದ ಕೊಂಡು, ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಪೌತಿ ಖಾತೆ ಒಬ್ಬರ ಹೆಸರಿಗಾದರೆ ಉಳಿದವರ ಪಾಲು ಅಳಿಸುವುದಿಲ್ಲ.

ಅಕ್ಕತಂಗಿಯರು ಇಬ್ಬರೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಅಂತ ನಾವು ಗಟ್ಟಿಯಾಗಿ ನಿಂತೆವು. ಒಂದು ತಿಂಗಳು ತಡವಾಯಿತು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಅಕ್ಕ ನನ್ನ ಕೈ ಹಿಡಿದು, "ಅಪ್ಪನ ಸೈಟು ಮಾರ್ತಾ ಇದಾರೆ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ ಕಣಮ್ಮ" ಅಂದರು. ಅವರ ಪಾಲಿನ ಚೆಕ್ಕು ಅವರ ಕೈಗೇ ಕೊಟ್ಟೆವು. ಈ ಮನೆಯಲ್ಲಿ ನನಗೆ ನೆಮ್ಮದಿಯ ನಿದ್ದೆ ಬರುವುದಕ್ಕೆ ಆ ಒಂದು ಚೆಕ್ಕೂ ಕಾರಣ.

ಅಳತೆಯ ಮಾತೊಂದು ಹೇಳಬೇಕು. ಎಲ್ಲರೂ "ಮೂವತ್ತು ನಲವತ್ತು" ಅಂತಲೇ ಹೇಳುತ್ತಿದ್ದರು, ಅಂದರೆ 1,200 ಚದರ ಅಡಿ. ನಕ್ಷೆಯಲ್ಲಿ ಇದ್ದದ್ದು 9 ಮೀಟರ್ ಗುಣಿಸು 12 ಮೀಟರ್. ಒಂಬತ್ತು ಮೀಟರ್ ಅಂದರೆ 30 ಅಡಿಗೆ ಸುಮಾರು ಆರು ಇಂಚು ಕಮ್ಮಿ, ಹನ್ನೆರಡು ಮೀಟರ್ ಅಂದರೆ 40 ಅಡಿಗೆ ಎಂಟು ಇಂಚು ಕಮ್ಮಿ. 108 ಚದರ ಮೀಟರ್, ಅಂದರೆ 1,162 ಚದರ ಅಡಿ ಚಿಲ್ಲರೆ. ಮೂವತ್ತೇಳು ಚದರ ಅಡಿಯ ವ್ಯತ್ಯಾಸ. ರೇಟು ಚದರ ಅಡಿಗೆ ಮಾತಾಗಿದ್ದರಿಂದ ಅಷ್ಟಕ್ಕೂ ದುಡ್ಡು ಮುರಿದುಕೊಂಡೆವು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವ ವಿವರ, ಕ್ರಯಪತ್ರದಲ್ಲಿ ಬರೆಯುವಾಗಲೂ ಟೇಪು ಹಿಡಿದು ನೋಡಿ ಮೀಟರಿನಲ್ಲೇ ಬರೆಸಿದೆ.

ನೋಂದಣಿ ಖರ್ಚು 2022ರಲ್ಲಿ ನಮಗೆ ಬಿದ್ದದ್ದು ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು, ನೋಂದಣಿ ಶುಲ್ಕ ಶೇ 1, ಎಲ್ಲ ಸೇರಿ ಶೇ 6.6. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 2 ಆಗಿದೆ. ಈಗ ಕೊಳ್ಳುವವರು ಆ ಲೆಕ್ಕದಲ್ಲಿ ದುಡ್ಡು ಎತ್ತಿಡಬೇಕು. ಖಾತೆ ಬಗ್ಗೆ ಒಂದೇ ಮಾತು: ಖಾತೆ ಅಂದರೆ ಕಂದಾಯ ಕಟ್ಟುವವರು ಯಾರು ಅನ್ನುವ ಪಾಲಿಕೆಯ ಲೆಕ್ಕ. ಆಸ್ತಿ ನಮ್ಮದು ಅನ್ನುವುದಕ್ಕೆ ಆಧಾರ ಕ್ರಯಪತ್ರ ಮತ್ತು ಅದರ ಹಿಂದಿನ ಮೂಲ ಪತ್ರಗಳು.

ಗುದ್ದಲಿ ಪೂಜೆ ಮುಗಿಸಿ ಮಾರ್ಕಿಂಗ್ ಹಾಕಿದ ಮೇಲೆ ನನ್ನ ನಿಜವಾದ ಕಲಿಕೆ ಶುರುವಾಯಿತು. ನಕ್ಷೆಯಲ್ಲಿ ಫುಟಿಂಗಿನ, ಅಂದರೆ ಕಾಲಂ ಕೂರುವ ಪಾಯದ, ಆಳ 5 ಅಡಿ ಅಂತಿತ್ತು. ಐದು ಅಡಿ ತೆಗೆದಾಗಲೂ ಗುಂಡಿಯ ತಳದಲ್ಲಿ ಕಪ್ಪು ಮಣ್ಣೇ. ಮೇಸ್ತ್ರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿದರು. ಅದು ಬತ್ತಿಯ ಹಾಗೆ ಉದ್ದಕ್ಕೆ ಬಂತು, ಮುರಿಯಲಿಲ್ಲ, ಬೆರಳಿಗೆ ಮೇಣದ ಹಾಗೆ ಅಂಟಿಕೊಂಡಿತು. "ಅಕ್ಕೋರೆ, ಇದಿನ್ನೂ ಎರೇನೇ ಐತ್ರಿ. ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಮಳೆಗಾಲ್ದಾಗ ಉಬ್ತೈತಿ. ಗರಸು ಸಿಗೋತನಕ ಹೋಗಬೇಕ್ರಿ" ಅಂದರು. ಎಂಜಿನಿಯರಿಗೆ ಫೋನ್ ಮಾಡಿದೆ, ಅವರೂ ಬಂದು ನೋಡಿ ಹೌದೆಂದರು. ಏಳನೇ ಅಡಿಗೆ ಹಾರೆ ಠಣ್ ಅಂದಿತು. ಹಳದಿ ಕೆಂಪು ಬಣ್ಣದ, ಹಿಡಿದರೆ ಪುಡಿಯಾಗುವ ಗರಸು ಕಂಡಾಗ ನನಗೆ ಕಣ್ತುಂಬಿ ಬಂತು.

ಆ ಎರಡು ಅಡಿಗೆ ಅಗೆತ, ಕಾಂಕ್ರೀಟು, ಕಂಬಿ ಎಲ್ಲ ಹೆಚ್ಚಾಯಿತು. ಒಪ್ಪಂದದಲ್ಲಿ "ಪಾಯ" ಅಂತಷ್ಟೇ ಬರೆದಿತ್ತು, ಎಷ್ಟು ಆಳದವರೆಗೆ ಅಂತ ಇರಲಿಲ್ಲ. ಅಲ್ಲಿ ನಾನು ಎಡವಿದ್ದೆ; ಹೆಚ್ಚಿನ ಕೂಲಿ ಕೊಟ್ಟೆ, ಕೊಡಬೇಕಾದ್ದೇ ಆಗಿತ್ತು. ಅಗೆದು ತೆಗೆದ ಎರೆ ಮಣ್ಣನ್ನು ನೆಲದ ಕೆಳಗೆ ವಾಪಸ್ ತುಂಬಲು ಬಿಡಲಿಲ್ಲ. ಟ್ರ್ಯಾಕ್ಟರಿನಲ್ಲಿ ಗರಸು ತರಿಸಿ, ಒಂದೊಂದು ಪದರಕ್ಕೂ ನೀರು ಹಾಕಿ ದಮ್ಮಸು ಹೊಡೆಸಿದೆವು. ಕಾಲಂಗಳನ್ನೆಲ್ಲ ಸುತ್ತಲೂ ಪ್ಲಿಂತ್ ಬೀಮಿನಿಂದ, ಅಂದರೆ ನೆಲಮಟ್ಟದ ಕಾಂಕ್ರೀಟು ತೊಲೆಯಿಂದ, ಕಟ್ಟಿದ್ದರಿಂದ ಗೋಡೆಯ ಭಾರ ನೇರ ಎರೆ ಮಣ್ಣಿನ ಮೇಲೆ ಕೂರಲಿಲ್ಲ. ನಮ್ಮ ಬೀದಿಯ ಎರಡು ಕಾಂಪೌಂಡುಗಳಲ್ಲಿ ಬೇಸಿಗೆಗೊಮ್ಮೆ ಅಗಲವಾಗುವ ಬಿರುಕು ಇವತ್ತಿಗೂ ಇದೆ. ದಾವಣಗೆರೆಯಲ್ಲಿ ಎರೆ ಭೂಮಿಯ ಮೇಲೆ ಕಟ್ಟುವವರು ಟೈಲ್ಸಿಗೆ ಇಟ್ಟ ದುಡ್ಡಿನಲ್ಲಿ ಒಂದಷ್ಟನ್ನು ಈ ಪಾಯಕ್ಕೆ ಹಾಕಲಿ ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ.

ಪಾಯದಲ್ಲಿ ಕಲಿತದ್ದು ಚದರದ ಲೆಕ್ಕಕ್ಕೆ ಉಪಯೋಗಕ್ಕೆ ಬಂತು. ನಮ್ಮದು ಲೇಬರ್ ಕಾಂಟ್ರ್ಯಾಕ್ಟ್: ಸಾಮಾನು ನಮ್ಮದು, ಕೂಲಿ ಚದರಕ್ಕಿಷ್ಟು ಅಂತ. ಒಂದು ಚದರ ಅಂದರೆ 100 ಚದರ ಅಡಿ, ಅದರಲ್ಲಿ ತಕರಾರಿಲ್ಲ. ಯಾವ್ಯಾವುದನ್ನು ಅಳೆಯುತ್ತೀರಿ ಅನ್ನುವುದೇ ಪ್ರಶ್ನೆ. ಮನೆಯ ಹೊರ ಅಳತೆ 24 ಗುಣಿಸು 28, ಅಂದರೆ 672 ಚದರ ಅಡಿ. ನನ್ನ ಲೆಕ್ಕದಲ್ಲಿ 6.72 ಚದರ. ಗೋಡೆ ಲಿಂಟೆಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಯ ಮೇಲ್ತುದಿಗೆ, ಬಂದಾಗ ಮುಂದಿನ ಕಂತಿಗೆ ಮೇಸ್ತ್ರಿ ಕೊಟ್ಟ ಚೀಟಿಯಲ್ಲಿ 9.58 ಅಂತಿತ್ತು. ಪೋರ್ಟಿಕೋ 50, ಮೆಟ್ಟಿಲ ಮೇಲಿನ ಹೆಡ್‌ರೂಮ್ 96, ಕಿಟಕಿಗಳ ಮೇಲಿನ ಸಜ್ಜೆಗಳೆಲ್ಲ ಸೇರಿ 140 ಚದರ ಅಡಿ ಅಂತ ಅವರು ಸೇರಿಸಿದ್ದರು.

"ಮೋಲ್ಡ್ ಹಾಕಿದ್ದೆಲ್ಲಾ ಚದರದಾಗ ಬರ್ತೈತ್ರಿ ಅಕ್ಕೋರೆ, ಸೆಂಟ್ರಿಂಗ್ ಹೊಡೆದಿರ್ತೀವಲ್ರಿ" ಅಂದರು. ಮೋಲ್ಡ್ ಅಂದರೆ ಸೆಂಟ್ರಿಂಗ್ ಶೀಟು ಹೊಡೆದು ಅದರ ಮೇಲೆ ಕಂಬಿ ಕಟ್ಟಿ ಕಾಂಕ್ರೀಟು ಹಾಕುವುದು. ಅವರ ಮಾತಿನಲ್ಲೂ ನ್ಯಾಯವಿತ್ತು. ಹೆಡ್‌ರೂಮಿಗೆ ಗೋಡೆ ಇದೆ, ಗಿಲಾವು ಇದೆ, ಮೋಲ್ಡ್ ಇದೆ, ಪೂರ್ತಿ ಕೆಲಸ. ಪೋರ್ಟಿಕೋಗೆ ಮೋಲ್ಡ್ ಇದೆ, ಗೋಡೆ ಇಲ್ಲ. ಸಜ್ಜೆಯಿಲ್ಲದೆ ಮನೆಯೇ ಇಲ್ಲ, ಅದು ಚದರದ ರೇಟಿನಲ್ಲೇ ಸೇರಿರಬೇಕು. ಹೀಗೆ ಒಂದೊಂದನ್ನೇ ಬಿಡಿಸಿ ಮಾತಾಡಿದೆವು. ಜಗುಲಿ ಮೇಲೆ ಕೂತು, ಚಹಾ ಕುಡಿದು, ಅವರ ಎದುರಿಗೇ ಬರೆದೆ: ಹೆಡ್‌ರೂಮ್ ಪೂರ್ತಿ, ಪೋರ್ಟಿಕೋ ಅರ್ಧ, ಸಜ್ಜೆಗೆ ಬೇರೆ ಲೆಕ್ಕವಿಲ್ಲ. 672, 96, 25 ಕೂಡಿಸಿದರೆ 793. ಒಟ್ಟು 7.93 ಚದರ. ಸಂಪು, ಕಾಂಪೌಂಡು, ಪ್ಯಾರಾಪೆಟ್ ಯಾರ ಪಾಲಿಗೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಆಮೇಲೆ ಕೊನೆಯ ಕಂತಿನವರೆಗೆ ನಮ್ಮಿಬ್ಬರ ನಡುವೆ ಒಂದು ಗಟ್ಟಿ ಮಾತು ಬರಲಿಲ್ಲ. ಕೆಲಸ ಶುರುವಾಗುವ ಮೊದಲೇ ಬರೆಯಬೇಕಾಗಿದ್ದ ಹಾಳೆ ಅದು.

ಕಂಬಿಯ ತೂಕಕ್ಕೆ ಎಂಜಿನಿಯರು ಒಂದು ಸೂತ್ರ ಹೇಳಿಕೊಟ್ಟರು. ಕಂಬಿಯ ದಪ್ಪ ಎಷ್ಟು ಮಿಲಿಮೀಟರೋ ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ 0.889 ಕೆಜಿ, ಹನ್ನೆರಡು ಮೀಟರಿನ ಪೂರ್ತಿ ಕಂಬಿ 10.67 ಕೆಜಿ. ಲಾರಿ ಬಂದಾಗ ಕಂಬಿ ಎಣಿಸಿ, ಗುಣಿಸಿ, ವೇಬ್ರಿಡ್ಜ್ ಚೀಟಿಗೆ ಹೋಲಿಸಿದೆ. ಆ ಲೆಕ್ಕವನ್ನೇ ಮರುದಿನ ಏಳನೇ ತರಗತಿಯ ಮಕ್ಕಳಿಗೆ ಕೊಟ್ಟೆ. ಮಕ್ಕಳು ಅಷ್ಟು ಆಸಕ್ತಿಯಿಂದ ಭಾಗಾಕಾರ ಮಾಡಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಮೋಲ್ಡ್ ಹಾಕುವ ದಿನ ಬೆಳಗ್ಗೆ ಆರಕ್ಕೆ ಏಣಿ ಹತ್ತಿ ನೋಡಿದರೆ ಅಡುಗೆಮನೆಯ ಮೇಲಿನ ಭಾಗದಲ್ಲಿ ಕಂಬಿ ಸೆಂಟ್ರಿಂಗ್ ಶೀಟಿಗೇ ಅಂಟಿಕೊಂಡು ಮಲಗಿತ್ತು. ಅಲ್ಲಿ ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿರಲಿಲ್ಲ. ಸ್ಲ್ಯಾಬಿನ ಕಂಬಿಯ ಕೆಳಗೆ 20 ಎಂಎಂ ಕಾಂಕ್ರೀಟು ಇರಲೇಬೇಕು, ಇಲ್ಲವಾದರೆ ನಾಳೆ ತೇವ ತಗುಲಿ ತುಕ್ಕು ಹಿಡಿದು ಸೂರು ಉದುರುತ್ತದೆ. ಮಿಕ್ಸರ್ ಆಗಲೇ ಶುರುವಾಗಿತ್ತು. ನಿಲ್ಲಿಸಿ ಅಂದೆ. ಹುಡುಗರು ಅರ್ಧ ಗಂಟೆಯಲ್ಲಿ ಬ್ಲಾಕುಗಳನ್ನು ತೂರಿಸಿ ಕಂಬಿ ಎತ್ತಿದರು, ಆಮೇಲೇ ಕಾಂಕ್ರೀಟು ಬಿತ್ತು. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗಲು, ತಾರಸಿಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಎರಡು ವಾರ ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ನಾನೇ ನೀರು ಬಿಟ್ಟೆ.

2023ರಲ್ಲಿ ಗೃಹಪ್ರವೇಶವಾಯಿತು. ಪಾಲಿಕೆಯ ಖಾತೆಯಲ್ಲಿ "ಖಾಲಿ ನಿವೇಶನ" ಅಂತಲೇ ಇತ್ತು, ಅರ್ಜಿ ಕೊಟ್ಟು ಕಟ್ಟಡ ಅಂತ ಸೇರಿಸಿದೆವು. ಮನೆ ಸಾಲಕ್ಕಾಗಿ ಮೂಲ ಕ್ರಯಪತ್ರ ಬ್ಯಾಂಕಿನಲ್ಲಿದೆ. ಹಕ್ಕುಪತ್ರ ಠೇವಣಿ ಇಟ್ಟ ವಿವರ ಇಸಿಯಲ್ಲಿ ಕಾಣುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಪತ್ರ ತಂದು ನೋಂದಣಿ ಕಚೇರಿಯಲ್ಲಿ ಆ ಋಣ ತೆಗೆಸಬೇಕು, ಇಲ್ಲವಾದರೆ ಕಾಗದದಲ್ಲಿ ಸಾಲ ಹಾಗೇ ಉಳಿಯುತ್ತದೆ. ಹೀಗೆ ಋಣ ತೆಗೆಸುವುದಕ್ಕೆ ಹೇಳುವ "ಡಿಸ್‌ಚಾರ್ಜ್" ಅನ್ನುವ ಪದವನ್ನು ಎಡಪುಟದಲ್ಲಿ ಬರೆದಿಟ್ಟಿದ್ದೇನೆ. ಅದರ ಬಲಪುಟ ಇನ್ನೂ ಹದಿಮೂರು ವರ್ಷ ಖಾಲಿ ಇರುತ್ತದೆ.