ಚಳಿಗಾಲದ ಮಧುಚಂದ್ರಕ್ಕೆ ಕಾರಿನಲ್ಲಿ ಹೊರಡುವ ಮುನ್ನ

ತುಳಸಿ ಹಬ್ಬ ಕಳೆಯಿತೆಂದರೆ ಬೆಂಗಳೂರಿನ ಕಲ್ಯಾಣಮಂಟಪಗಳಿಗೆ ಬಿಡುವಿರುವುದಿಲ್ಲ. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹಿಡಿಯುವುದರೊಳಗೆ ಸಿಕ್ಕ ಮುಹೂರ್ತದಲ್ಲಿ ಮದುವೆ ಮುಗಿಸಿಕೊಂಡವರಲ್ಲಿ ಅನೇಕರು ಈಗ ಮಧುಚಂದ್ರಕ್ಕೆ ದೂರದ ಊರಿನ ಟಿಕೆಟ್ ಹುಡುಕದೆ, ಮನೆಯ ಕಾರನ್ನೋ ಬಾಡಿಗೆಯ ಕಾರನ್ನೋ ತೆಗೆದುಕೊಂಡು ಮಲೆನಾಡಿನ ಕಡೆ ಹೊರಡುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಮದುವೆಮನೆಯ ದಣಿವು, ಡಿಸೆಂಬರ್‌ನ ಮೊಟಕು ಹಗಲು ಮತ್ತು ಘಟ್ಟದ ಮಂಜು ಒಂದೇ ವಾರದಲ್ಲಿ ಕೂಡಿಬರುವುದರಿಂದ, ಈ ಪ್ರವಾಸವನ್ನು ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸದೆ, ದಿನಕ್ಕೆ ಎಷ್ಟು ಗಂಟೆ ಕಾರಿನಲ್ಲಿ ಕೂರಬಲ್ಲೆವು ಎಂಬ ಲೆಕ್ಕದಿಂದ ಆರಂಭಿಸಬೇಕು. ನನ್ನ ಪ್ರಕಾರ ಊಟ, ತಿಂಡಿ, ವಿಶ್ರಾಂತಿಗಳನ್ನು ಬಿಟ್ಟು ದಿನಕ್ಕೆ ಆರು ಗಂಟೆ ಮೇಲ್ಮಿತಿ. ಮೊದಲ ದಿನಕ್ಕೆ ಐದು ಗಂಟೆಯೇ ಸಾಕು.

ದಿನ ಗೊತ್ತುಮಾಡುವುದು

ಬೀಗರೂಟ ಮುಗಿದ ರಾತ್ರಿಯೇ ಹೊರಡುವ ಉತ್ಸಾಹವನ್ನು ತಡೆಹಿಡಿಯಬೇಕು. ಆರತಕ್ಷತೆ, ಮುಹೂರ್ತ, ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಇವುಗಳ ನಡುವೆ ವಧೂವರರಿಬ್ಬರೂ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ನಿದ್ದೆಗೆಟ್ಟವರು ಸ್ಟೀರಿಂಗ್ ಹಿಡಿಯುವುದು ಕುಡಿದು ಹಿಡಿದಷ್ಟೇ ಅಪಾಯಕಾರಿ. ಕನಿಷ್ಠ ಎರಡು ರಾತ್ರಿ ಚೆನ್ನಾಗಿ ಮಲಗಿ ಎದ್ದ ಮೇಲೆ ಹೊರಡುವಂತೆ ದಿನ ಇಟ್ಟುಕೊಳ್ಳಿ.

ಸೋಮವಾರ ಹೊರಟು ಶುಕ್ರವಾರ ಮರಳುವ ಪ್ರವಾಸಕ್ಕೂ, ಶನಿವಾರ ಹೊರಟು ಬುಧವಾರ ಮರಳುವ ಪ್ರವಾಸಕ್ಕೂ ಖರ್ಚಿನಲ್ಲಿ, ರಸ್ತೆಯ ದಟ್ಟಣೆಯಲ್ಲಿ ಬಹಳ ಅಂತರವಿದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಕ್ಷೇಮ, ಏಕೆಂದರೆ ಆ ವಾರ ಅರ್ಧ ಬೆಂಗಳೂರೇ ಘಟ್ಟ ಹತ್ತಿರುತ್ತದೆ. ಚಿಕ್ಕಮಗಳೂರಿನ ಕಡೆ ಹೋಗುವವರು ಪಂಚಾಂಗವನ್ನೂ ಒಮ್ಮೆ ತೆರೆದು ನೋಡಬೇಕು: ಮಾರ್ಗಶಿರ ಹುಣ್ಣಿಮೆಯಂದು ಬರುವ ದತ್ತ ಜಯಂತಿಯ ಆಸುಪಾಸಿನ ದಿನಗಳಲ್ಲಿ ಚಂದ್ರದ್ರೋಣ ಗಿರಿಶ್ರೇಣಿಗೆ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸುವುದುಂಟು. ಜನವರಿ ಮೊದಲ ವಾರ ಕಳೆದು ಸಂಕ್ರಾಂತಿ ಬರುವವರೆಗಿನ ದಿನಗಳು ಎಲ್ಲ ದೃಷ್ಟಿಯಿಂದಲೂ ಅನುಕೂಲ. ರಸ್ತೆ ಖಾಲಿ, ಆಕಾಶ ಶುಭ್ರ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ.

ದಾರಿ ಯಾವುದು

ಮದುವೆಯಾದ ಮೇಲೆ ಮನೆದೇವರ ದರ್ಶನ ಆಗಲೇಬೇಕೆಂದು ಹಿರಿಯರು ಹೇಳುತ್ತಾರೆ. ಅದನ್ನು ಬೇರೆ ಪ್ರಯಾಣವಾಗಿ ಮಾಡದೆ ಇದೇ ದಾರಿಯೊಳಗೆ ಸೇರಿಸಿಕೊಂಡರೆ ರಜೆಯೂ ಉಳಿಯುತ್ತದೆ, ಹಿರಿಯರ ಮನಸ್ಸೂ ಉಳಿಯುತ್ತದೆ. ಧರ್ಮಸ್ಥಳಕ್ಕೆ ನಡೆದುಕೊಳ್ಳುವ ಮನೆಯವರಾದರೆ ಐದು ದಿನಗಳ ದಾರಿಯನ್ನು ಹೀಗೆ ಹಾಕಿಕೊಳ್ಳಬಹುದು.

ಮೊದಲ ದಿನ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನಗಳ ಮೂಲಕ ಬೇಲೂರು. ರಾಷ್ಟ್ರೀಯ ಹೆದ್ದಾರಿ 75 ಹಾಸನದವರೆಗೂ ಅಗಲವಾಗಿದ್ದು ಸುಮಾರು 185 ಕಿ.ಮೀ. ಸಲೀಸಾಗಿ ಸಾಗುತ್ತದೆ, ಅಲ್ಲಿಂದ ಬೇಲೂರಿಗೆ ಇನ್ನು 40 ಕಿ.ಮೀ. ಆಸುಪಾಸು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯವನ್ನು ಚಳಿಗಾಲದ ಮಧ್ಯಾಹ್ನದಲ್ಲಿ ನೋಡುವುದಕ್ಕೆ ಬೇರೆಯೇ ಸೊಗಸಿದೆ, ಏಕೆಂದರೆ ಬೇಸಿಗೆಯಲ್ಲಿ ಬರಿಗಾಲು ಸುಡುವ ಅಂಗಳದ ಹಾಸುಗಲ್ಲು ಆಗ ಹಿತವಾಗಿ ಬೆಚ್ಚಗಿರುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿ ಇರಬಹುದು. ಆದ್ದರಿಂದ ಹಳೇಬೀಡನ್ನೂ ಅದೇ ದಿನ ತುರುಕದೆ, ಚಿಕ್ಕಮಗಳೂರು ಅಥವಾ ಮೂಡಿಗೆರೆ ಕಡೆಯ ಹೋಮ್‌ಸ್ಟೇಗೆ ಬೆಳಕಿರುವಾಗಲೇ ಹೋಗಿ ಸೇರಿಕೊಳ್ಳಿ. ಡಿಸೆಂಬರ್‌ನಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ತೋಟದ ಮರಗಳ ನೆರಳಲ್ಲಿ ಅದಕ್ಕೂ ಮೊದಲೇ ಕತ್ತಲು.

ಮೂರು ರಾತ್ರಿ ಅದೇ ಮನೆಯಲ್ಲಿ ಉಳಿಯಿರಿ. ದಿನಕ್ಕೊಂದು ಊರು, ದಿನಕ್ಕೊಂದು ಕೋಣೆ ಎಂದು ಓಡುವವರು ಪ್ರತಿ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದರಲ್ಲೇ ಮಧುಚಂದ್ರ ಕಳೆಯುತ್ತಾರೆ. ಒಂದು ದಿನ ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗೆ ಮೀಸಲಿಡಿ. ಅಲ್ಲಿಗೆ ವಾಹನ ಕೊಂಡೊಯ್ಯಲು ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿರುವುದರಿಂದ ಹೊರಡುವ ಮುನ್ನವೇ ಅದನ್ನು ಮಾಡಿಕೊಳ್ಳಬೇಕು. ಇನ್ನೊಂದು ದಿನ ಕಾರಿನ ಕೀಲಿಯನ್ನೇ ಮುಟ್ಟಬೇಡಿ.

ನಾಲ್ಕನೆಯ ದಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಟ್ಟವನ್ನು ಹಗಲಲ್ಲಿ ಇಳಿದು, ಉಜಿರೆಯ ಮೇಲೆ ಧರ್ಮಸ್ಥಳ. ಐದನೆಯ ದಿನ ಶಿರಾಡಿ ಹತ್ತಿ ಸಕಲೇಶಪುರ, ಹಾಸನಗಳ ಮೂಲಕ ಸುಮಾರು 300 ಕಿ.ಮೀ. ಮರುಪ್ರಯಾಣ. ಒಟ್ಟು 700 ಕಿ.ಮೀ. ಆಗುತ್ತದೆ ಎಂದಿಟ್ಟುಕೊಂಡು, ಲೀಟರಿಗೆ 15 ಕಿ.ಮೀ. ಓಡುವ ಕಾರಾದರೆ 47 ಲೀಟರ್ ಪೆಟ್ರೋಲಿನ ಲೆಕ್ಕ ಹಾಕಿ.

ಊಟಿ ಅಥವಾ ವಯನಾಡಿನ ಕಡೆ ಮನಸ್ಸಿರುವವರಿಗೆ ಗಡಿಯಾರವೇ ಮುಖ್ಯ. ಬಂಡೀಪುರದ ಕಾಡಿನೊಳಗೆ ಹಾಯುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಸಂಚಾರ ನಿಷೇಧವಿದೆ. ನೀಲಗಿರಿ ಜಿಲ್ಲೆಗೆ ಹೋಗಲು ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸ್ ಜಾರಿಗೆ ಬಂದಿದೆ, ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೂ ಅಲ್ಲಿ ಅವಕಾಶವಿಲ್ಲ. ಬುಲೆಟ್ ಮೇಲೆ ಹೊರಡುವ ಜೋಡಿಗಳು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂಬುದನ್ನು ನೆನಪಿಟ್ಟು ಸರ್ವಿಸ್ ರಸ್ತೆಯ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಾರು

ಮದುವೆಯ ಕಾರನ್ನೇ ಪ್ರವಾಸಕ್ಕೂ ಬಳಸುವುದಾದರೆ ಮೊದಲ ಕೆಲಸ ಅಲಂಕಾರ ಕಳಚುವುದು. ಹಿಂಬದಿಯ ಗಾಜಿಗೆ ಅಂಟಿಸಿದ ವಧೂವರರ ಹೆಸರು ಮನೆಯ ಮುಂದೆ ಚೆಂದ. ಹೆದ್ದಾರಿಯಲ್ಲಿ ಅದು ಹಿಂದಿನ ಲಾರಿಯನ್ನು ಮರೆಮಾಡುತ್ತದೆ. ವೈಪರ್ ಸಂದಿಯಲ್ಲಿ ಸಿಕ್ಕಿಕೊಂಡ ಸೇವಂತಿಗೆ ಎಸಳು, ನಂಬರ್ ಪ್ಲೇಟಿನ ಮೇಲಿನ ಟೇಪು ಎಲ್ಲವನ್ನೂ ತೆಗೆದು ಗಾಜನ್ನು ಒಳಗೂ ಹೊರಗೂ ಒರೆಸಿ. ಒಳಗಿನ ಗಾಜಿನ ಜಿಡ್ಡಿನ ಮೇಲೆ ಮಂಜಿನ ತೇವ ಬೇಗ ಕಟ್ಟುತ್ತದೆ.

ಟೈರುಗಳ ಗಾಳಿಯನ್ನು ಕಾರು ಓಡದೆ ತಣ್ಣಗಿರುವಾಗಲೇ ನೋಡಿಸಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಬೆಂಗಳೂರಿನ ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿದ ಗಾಳಿ ಮಲೆನಾಡಿನ ಮುಂಜಾವಿನಲ್ಲಿ ಸಾಲದೆ ಹೋಗುವುದು ಇದರಿಂದಲೇ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿದೆ. ಸ್ಟೆಪ್ನಿ, ಜ್ಯಾಕ್, ಬ್ರೇಕ್ ಪ್ಯಾಡ್, ಬ್ಯಾಟರಿ ಇವನ್ನು ಗ್ಯಾರೇಜಿನಲ್ಲಿ ಒಮ್ಮೆ ನೋಡಿಸಿದರೆ ಸಾಕು. ನೀವೇ ಓಡಿಸುವ ಬಾಡಿಗೆ ಕಾರಾದರೆ ಅದರ ಫಲಕ ಕಪ್ಪು ಬಣ್ಣದ್ದಾಗಿದ್ದು ಅಕ್ಷರ ಹಳದಿಯಾಗಿರಬೇಕು. ಪರಿಚಯಸ್ಥರದ್ದೆಂದು ಹೇಳಿ ಬಿಳಿ ಫಲಕದ ಕಾರನ್ನು ಬಾಡಿಗೆಗೆ ಕೊಡುವವರಿಂದ ದೂರವಿರಿ. ಅಪಘಾತವಾದರೆ ವಿಮೆಯ ಮಾತು ಅಲ್ಲಿಗೆ ಮುಗಿಯಿತು.

ಉಳಿಯುವ ಮನೆ

ಚಿತ್ರ ನೋಡಿ ಕೋಣೆ ಕಾಯ್ದಿರಿಸಬೇಡಿ, ಫೋನ್ ಮಾಡಿ ಮಾತಾಡಿ. ಮೊದಲು ಕೇಳಬೇಕಾದದ್ದು ಕೊನೆಯ ಎರಡು ಕಿ.ಮೀ. ದಾರಿಯ ಬಗ್ಗೆ: ಡಾಂಬರೇ, ಮಣ್ಣೇ, ಸಣ್ಣ ಕಾರು ಹತ್ತುತ್ತದೆಯೇ, ಇಲ್ಲವಾದರೆ ಜೀಪು ಕಳಿಸುತ್ತಾರೆಯೇ. ಬಿಸಿನೀರು ಸೌರಶಕ್ತಿಯದೋ ಸೌದೆ ಒಲೆಯದೋ ಎಂಬುದನ್ನೂ ಕೇಳಿ, ಏಕೆಂದರೆ ಮೋಡ ಮುಚ್ಚಿದ ದಿನ ಸೌರಶಕ್ತಿಯ ನೀರು ಬರೀ ಉಗುರುಬೆಚ್ಚಗಿರುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಕಾಫಿಯ ಕೊಯ್ಲು ನಡೆಯುವುದರಿಂದ ತೋಟದವರಿಗೆ ಅದೇ ಬಿಡುವಿಲ್ಲದ ಕಾಲ. ಹಗಲು ಕೊಯ್ದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಸಂಜೆ ಸದ್ದು ಮಾಡುತ್ತಿರುತ್ತದೆ. ನಿಮ್ಮ ಕೋಣೆ ಅದರ ಪಕ್ಕದಲ್ಲೇ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೂಡಿಗೆರೆ, ಸಕಲೇಶಪುರಗಳ ತೋಟಗಳಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಮುಂಜಾನೆ, ಮುಸ್ಸಂಜೆಯ ನಡಿಗೆಗೆ ಮನೆಯವರು ಬೇಡವೆಂದರೆ ಹೋಗಕೂಡದು.

ವಸತಿಗೃಹಗಳಲ್ಲಿ ಇಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಲಗ್ನಪತ್ರಿಕೆ ಕೇಳುವವರೂ ಇದ್ದಾರೆ. ಅದರ ಚಿತ್ರವೊಂದು ಫೋನಿನಲ್ಲಿರಲಿ.

ಸಾಮಾನಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಒಡವೆ ಬ್ಯಾಂಕಿನ ಲಾಕರಿಗೆ ಹೋಗಲಿ. ಉಣ್ಣೆಯ ಬಟ್ಟೆ, ಕಿವಿ ಮುಚ್ಚುವ ಟೋಪಿ, ಟಾರ್ಚು ಇರಲಿ. ಹೊಸ ಕಾಲುಂಗುರ ಬಿಗಿ ಷೂ ಒಳಗೆ ಒತ್ತುವುದರಿಂದ ವಧು ಕಾರು ಓಡಿಸುವುದಿದ್ದರೆ ಹದವಾಗಿ ಸಡಿಲವಿರುವ, ಆದರೆ ಹಿಮ್ಮಡಿ ಕಚ್ಚಿ ಹಿಡಿಯುವ ಪಾದರಕ್ಷೆ ಬೇಕು. ಮದುವೆಮನೆಯಲ್ಲಿ ಉಳಿದ ಚಕ್ಕುಲಿ, ಕೋಡುಬಳೆಗಳಿಗೆ ಇದಕ್ಕಿಂತ ಒಳ್ಳೆಯ ಗತಿ ಸಿಗದು.

ಹೊರಡುವ ಬೆಳಗು

ಬೆಳಗಿನ ಜಾವ ನಾಲ್ಕಕ್ಕೇ ಹೊರಟರೆ ಟ್ರಾಫಿಕ್ ಸಿಗುವುದಿಲ್ಲ ಎಂಬ ಸಲಹೆ ಎಲ್ಲ ಮಾವಂದಿರಿಂದಲೂ ಬರುತ್ತದೆ. ಬೇಸಿಗೆಗೆ ಅದು ಸರಿ; ಡಿಸೆಂಬರ್‌ಗೆ ಅಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಂಡು, ನೆಲಕ್ಕಂಟಿದ ಗಾಳಿ ತಣಿದು, ಅದರ ತೇವಾಂಶ ಮಂಜಾಗುತ್ತದೆ. ಕೆರೆ ಬಯಲು, ಗದ್ದೆ, ತಗ್ಗುಗಳಲ್ಲಿ ಸೂರ್ಯೋದಯದ ಹೊತ್ತಿಗೇ ಅದು ಅತ್ಯಂತ ದಟ್ಟ. ನಸುಕಿನಲ್ಲಿ ಹೊರಟವರು ನಿದ್ದೆಯ ಕಣ್ಣಿನಲ್ಲಿ ಆ ಮಂಜಿನೊಳಕ್ಕೇ ನುಗ್ಗುತ್ತಾರೆ. ಬೆಳಿಗ್ಗೆ 6ರಿಂದ 6.30ರೊಳಗೆ ಮನೆ ಬಿಟ್ಟರೆ ಗೊರಗುಂಟೆಪಾಳ್ಯ ಕಿಕ್ಕಿರಿಯುವ ಮೊದಲು ದಾಟಬಹುದು, ಕುಣಿಗಲ್ ಬಳಿ ತಿಂಡಿ ಮುಗಿಸುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಬೆಂಗಳೂರು ದಕ್ಷಿಣದವರು ನೈಸ್ ರಸ್ತೆ ಹಿಡಿದು ಮಾದಾವರದ ಬಳಿ ತುಮಕೂರು ರಸ್ತೆ ಸೇರಬಹುದು. ಫಾಸ್ಟ್ಯಾಗ್‌ಗೆ ಹಿಂದಿನ ರಾತ್ರಿಯೇ ಹಣ ಹಾಕಿ.

ಇಬ್ಬರಿಗೂ ಕಾರು ಓಡಿಸಲು ಬಂದರೆ ಎರಡು ಗಂಟೆಗೊಮ್ಮೆ ಬದಲಾಗಿ. ಒಬ್ಬರೇ ಓಡಿಸುವುದಾದರೆ ಇನ್ನೊಬ್ಬರು ನಿದ್ದೆಹೋಗಬಾರದು. ದಾರಿ ನೋಡುವ, ಫೋನ್ ಎತ್ತುವ ಕೆಲಸ ಅವರದ್ದು. ಎರಡೂ ಮನೆಗಳಿಂದ ಗಂಟೆಗೊಮ್ಮೆ ಕರೆ ಬರುವುದು ಖಚಿತವಾದ್ದರಿಂದ, ರಾತ್ರಿ ಊಟವಾದ ಮೇಲೆ ನಾವೇ ಮಾತಾಡುತ್ತೇವೆ ಎಂದು ಹೊರಡುವಾಗಲೇ ಅತ್ತೆ, ಮಾವ, ಅಪ್ಪ, ಅಮ್ಮಂದಿರಿಗೆ ಹೇಳಿಬಿಡಿ.

ಘಟ್ಟ ಮತ್ತು ಮಂಜು

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಟ ಇನ್ನೂ ಕೆಲವರಲ್ಲಿದೆ. ಘಟ್ಟದಲ್ಲಿ ಅದು ಪ್ರಾಣಾಂತಿಕ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಆಗ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಗಳ ಮೇಲೆ ನೀರು ಸುರಿಯದೆ ತಾನಾಗಿ ಆರಲು ಬಿಡಿ. ಹತ್ತುವ ವಾಹನಕ್ಕೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ. ತಿರುವಿನಲ್ಲಿ ಫೋಟೊಗಾಗಿ ನಿಲ್ಲಿಸುವ ಜೋಡಿಗಳನ್ನು ಚಾರ್ಮಾಡಿಯಲ್ಲಿ ಪ್ರತಿ ಚಳಿಗಾಲವೂ ಕಾಣಬಹುದು, ಅವರಲ್ಲೊಬ್ಬರಾಗಬೇಡಿ.

ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ಕಣ್ಣಿಗೇ ಹಿಂದಿರುಗಿ, ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತದೆ. ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಮಾತ್ರ ಸಾಕು. ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ನೋಡಿಕೊಂಡು ನಿಧಾನವಾಗಿ ಸಾಗಿ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿದರೆ ನೀವು ತಿರುಗುವುದು ಹಿಂದಿನವರಿಗೆ ತಿಳಿಯುವುದಿಲ್ಲ. ಅದು ನಿಂತ ವಾಹನದ ಸಂಕೇತ. ಗಾಜಿನ ಒಳಬದಿಯಲ್ಲಿ ತೇವ ಕಟ್ಟಿದರೆ ಚಳಿಯಾದರೂ ಸರಿ, ಎಸಿ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿ. ಕೈವಸ್ತ್ರದಲ್ಲಿ ಒರೆಸುತ್ತ ಓಡಿಸುವುದು ಬೇಡ. ಎದುರಿನ ದಾರಿ ಏನೂ ಕಾಣದಿದ್ದರೆ ರಸ್ತೆ ಬಿಟ್ಟು ಕೆಳಗಿಳಿದು ಯಾವುದಾದರೂ ಚಹಾದಂಗಡಿಯ ಮುಂದೆ ಕಾಯಿರಿ. ಬೆಳಗಿನ ಮಂಜಾದರೆ ಸಾಮಾನ್ಯವಾಗಿ ಒಂಬತ್ತರ ಹೊತ್ತಿಗೆ ಕರಗುತ್ತದೆ.

ಮರುಪ್ರಯಾಣದಲ್ಲಿ ಶಿರಾಡಿಯಲ್ಲಿ ಮಂಗಳೂರು ಕಡೆಯ ಟ್ಯಾಂಕರ್, ಲಾರಿಗಳ ಸಾಲು ಸಿಗುವುದರಿಂದ ಧರ್ಮಸ್ಥಳವನ್ನು ಬೆಳಿಗ್ಗೆ ಏಳಕ್ಕೆ ಬಿಟ್ಟು, ಹಾಸನದಲ್ಲಿ ಊಟ ಮಾಡಿ, ಸಂಜೆ ನಾಲ್ಕರೊಳಗೆ ನೆಲಮಂಗಲ ದಾಟುವಂತೆ ನೋಡಿಕೊಳ್ಳಿ. ಶುಕ್ರವಾರವೇ ಮನೆ ಸೇರಿದರೆ ಸೋಮವಾರ ಕಚೇರಿಗೆ ಹೋಗುವ ಮುನ್ನ ಎರಡು ದಿನ ಕೈಯಲ್ಲಿರುತ್ತವೆ. ಒಂದು ಬಟ್ಟೆ ಒಗೆಯುವುದಕ್ಕೆ, ಇನ್ನೊಂದು ಮದುವೆಗೆ ಬರಲಾಗದ ನೆಂಟರ ಮನೆಯ ಊಟಕ್ಕೆ.