ಔಷಧ ಎಷ್ಟು ಹೊತ್ತಿಗೆ ಹೊರಬರಬೇಕು: ದಾವಣಗೆರೆ ಲ್ಯಾಬಿನ ನ್ಯಾನೊ ಲೆಕ್ಕ

ಔಷಧ ತುಂಬುವ ನ್ಯಾನೊ ಕಣಗಳನ್ನು ಮಾಡಲು ಬಳಸುವ, ದೇಹದಲ್ಲಿ ತಾನೇ ಕರಗುವ ಪಿಎಲ್‌ಜಿಎ ಪಾಲಿಮರ್ ಗ್ರಾಂ ಲೆಕ್ಕದಲ್ಲಿ ತರಿಸುವ ಸಾಮಾನು. ದಾವಣಗೆರೆಯ ನಮ್ಮ ಫಾರ್ಮಸಿ ಲ್ಯಾಬಿನಲ್ಲಿ 'ಇನ್ನೊಂದು ಬ್ಯಾಚ್ ಹಾಕಿ ನೋಡೋಣ' ಅಂದರೆ ಅದು ನೇರ ಜೇಬಿಗೇ ಬರುತ್ತದೆ. ನಾನು ದತ್ತಾಂಶ ವಿಶ್ಲೇಷಣೆಗೆ ಕೈಹಾಕಿದ್ದೇ ಈ ಚಿಂತೆಯಿಂದ.

ಬೇಕಿದ್ದದ್ದು ಇಷ್ಟು: ಇಂಡೊಮೆಥಾಸಿನ್ ಎಂಬ ನೋವು-ಉರಿಯೂತದ ಔಷಧ ತುಂಬಿದ ಕಣಗಳಿಂದ ಮೊದಲ ಗಂಟೆಯಲ್ಲಿ ಶೇ 20ಕ್ಕಿಂತ ಹೆಚ್ಚು ಔಷಧ ಸುರಿದುಹೋಗಬಾರದು, ಉಳಿದದ್ದು ದಿನವಿಡೀ ಸಾವಕಾಶವಾಗಿ ಬರಬೇಕು. ಆ ಮೊದಲ ಸುರಿತವನ್ನು ನಾವು ಬರ್ಸ್ಟ್ ಅಂತೀವಿ. ಅದು ಬಹುಪಾಲು ಕಣದ ಮೈಗೆ ಅಂಟಿಕೊಂಡ ಔಷಧ. 50:50 ಪಿಎಲ್‌ಜಿಎ (ಲ್ಯಾಕ್ಟಿಕ್, ಗ್ಲೈಕಾಲಿಕ್ ಎರಡು ಘಟಕ ಸಮಪಾಲು ಇರುವುದು) ಪೂರ್ತಿ ಕರಗಿಹೋಗಲು ವಾರಗಟ್ಟಲೆ ಬೇಕು. ಹಾಗಾಗಿ ಮೊದಲ ದಿನದ ಕಥೆಯೆಲ್ಲ ವಿಸರಣದ್ದೇ, ಅಂದರೆ ಔಷಧ ಕಣದಿಂದ ತಾನಾಗಿ ಹೊರಗೆ ಹರಡಿಕೊಳ್ಳುವುದರದ್ದೇ.

ತಯಾರಿಕೆ ಸರಳ. ಪಾಲಿಮರ್, ಔಷಧ ಎರಡನ್ನೂ ಅಸಿಟೋನ್‌ನಲ್ಲಿ ಕರಗಿಸಿ, ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುವ ಪಾಲಿವಿನೈಲ್ ಆಲ್ಕೋಹಾಲ್) ಇರುವ ನೀರಿಗೆ ಹನಿಹನಿಯಾಗಿ ಬಿಟ್ಟು, ಅಸಿಟೋನ್ ಹಾರಿಹೋಗುವ ತನಕ ಸ್ಟಿರರ್ ಮೇಲೆ ಇಡುವುದು. ಬದಲಿಸಿದ್ದು ಮೂರು ಅಂಶ: ಪಾಲಿಮರ್ ಪ್ರಮಾಣ, ಪಿವಿಎ ಸಾಂದ್ರತೆ, ಅಸಿಟೋನ್‌-ನೀರಿನ ಅನುಪಾತ. ಮೂರಕ್ಕೂ ಮೂರು ಮಟ್ಟ ಇಟ್ಟರೆ 27 ಬ್ಯಾಚ್ ಆಗುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬಾಕ್ಸ್ ಮತ್ತು ಬೆನ್‌ಕೆನ್ 1960ರಲ್ಲಿ ಕೊಟ್ಟ ಪ್ರಯೋಗ ವಿನ್ಯಾಸದಲ್ಲಿ 15 ಸಾಕು: ಅಂಚಿನವು 12, ನಡುಬಿಂದುವಿನ ಪುನರಾವರ್ತನೆ 3. ಆ ಮೂರನ್ನು ದಂಡ ಅಂದುಕೊಳ್ಳಬೇಡಿ. ಒಂದೇ ಪಾಕವನ್ನು ಮೂರು ಸಲ ಮಾಡಿದಾಗ ಎಷ್ಟು ಏರುಪೇರು ಬರುತ್ತದೆ ಅನ್ನುವುದು ತಿಳಿಯುವುದು ಅಲ್ಲಿಂದ ಮಾತ್ರ.

ಆದರೆ ಈ ವಿನ್ಯಾಸದ ಪೂರ್ಣ ವರ್ಗ ಸಮೀಕರಣಕ್ಕೆ 10 ಗುಣಾಂಕ ಬೇಕು. 15 ಅಂಕಿಗಳಿಂದ 10 ತೆಗೆದರೆ ಉಳಿಯುವುದು 5. ಇಷ್ಟು ಕಡಿಮೆ ಉಳಿದಾಗ ಆರ್-ಸ್ಕ್ವೇರ್ (ಸಮೀಕರಣ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.97 ಬಂದರೂ ಹಿಗ್ಗುವಂಥದ್ದೇನಿಲ್ಲ. ನಾನು ನೋಡಿದ್ದು ಒಂದೊಂದೇ ಬ್ಯಾಚನ್ನು ಹೊರಗಿಟ್ಟು, ಉಳಿದವುಗಳಿಂದ ಅದನ್ನು ಊಹಿಸಿದಾಗ ಎಷ್ಟು ತಪ್ಪುತ್ತದೆ ಎಂದು. ಆರ್ ತಂತ್ರಾಂಶದಲ್ಲಿ ನಾಲ್ಕು ಸಾಲಿನ ಕೆಲಸ. ಕೆಲಸಕ್ಕೆ ಬಾರದ ವರ್ಗಪದಗಳನ್ನು ಕಿತ್ತಮೇಲೆ ಈ ಊಹೆ ಸುಧಾರಿಸಿತು.

ಬಿಡುಗಡೆ ಅಳೆಯಲು ಡಯಾಲಿಸಿಸ್ ಚೀಲ (ಔಷಧ ದಾಟಬಲ್ಲ, ಕಣ ದಾಟಲಾಗದ ಪೊರೆಯ ಚೀಲ), 37 ಡಿಗ್ರಿ, ಪಿಎಚ್ 7.4ರ ಬಫರ್. ಪರೀಕ್ಷೆಗೆಂದು ಆಗಾಗ ತೆಗೆದಷ್ಟು ಬಫರನ್ನು ಮತ್ತೆ ಸುರಿಯುತ್ತೇವಲ್ಲ, ಹಾಗೆ ತೆಗೆದುಹೋದ ಔಷಧವನ್ನು ಲೆಕ್ಕಕ್ಕೆ ಕೂಡಿಸದಿದ್ದರೆ ಗ್ರಾಫಿನ ತುದಿ ತಗ್ಗಿ ಕಾಣುತ್ತದೆ. ಇದಕ್ಕಿಂತ ಮುಖ್ಯವಾದದ್ದು ಕಣವೇ ಇಲ್ಲದ ಬರೀ ಔಷಧದ ಚೀಲ. ಅದರಿಂದಲೂ ಔಷಧ ತಡವಾಗಿ ಬರುತ್ತಿದ್ದರೆ ತಡೆಯುತ್ತಿರುವುದು ಚೀಲದ ಪೊರೆ, ನಿಮ್ಮ ಕಣವಲ್ಲ. ಈ ಹೋಲಿಕೆ ಇಲ್ಲದ 'ನಿಯಂತ್ರಿತ ಬಿಡುಗಡೆ' ಗ್ರಾಫನ್ನು ನಾನು ನಂಬುವುದಿಲ್ಲ.

ಎಂ.ಫಾರ್ಮ್ ಹುಡುಗ ಒಬ್ಬ ಬಂದು, "ಸರ್, ಪೆಪ್ಪಾಸ್‌ಗೇ 0.99 ಬಂದೈತೆ, ಅದನ್ನೇ ಬರೀಲಾ?" ಅಂದ. ಪ್ರಬಂಧಗಳಲ್ಲಿ ಪೆಪ್ಪಾಸ್, ಹಿಗುಚಿಯಂಥ ಐದು ಮಾಡೆಲ್‌ಗಳ (ಔಷಧ ಹೊರಬರುವ ಬಗೆಯನ್ನು ಹೇಳುವ ಸಮೀಕರಣಗಳ) ಟೇಬಲ್ ಹಾಕಿ ದೊಡ್ಡ ಅಂಕಿಯನ್ನು ದಪ್ಪಕ್ಷರದಲ್ಲಿ ತೋರಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಮೇಲಕ್ಕೇ ಏರುವ ಸಂಚಿತ ಅಂಕಿಗಳಿಗೆ ಯಾವ ಗೆರೆ ಹಾಕಿದರೂ ಆರ್-ಸ್ಕ್ವೇರ್ ಚೆನ್ನಾಗಿಯೇ ಬರುತ್ತದೆ. ಪೆಪ್ಪಾಸ್ ಸಮೀಕರಣ ಅನ್ವಯಿಸುವುದು ಮೊದಲ ಶೇ 60ರ ಬಿಡುಗಡೆಗೆ. ಗೋಲಾಕಾರದ ಕಣಕ್ಕೆ ವಿಸರಣದ ಘಾತ 0.43, ಅನೇಕರು ಕಣ್ಣುಮುಚ್ಚಿ ಬರೆಯುವ 0.5 ತೆಳುಪದರಕ್ಕೆ ಸೇರಿದ್ದು. ಹಿಗುಚಿ 1961ರಲ್ಲಿ ಸೂತ್ರ ಕಟ್ಟಿದ್ದಂತೂ ಮುಲಾಮಿಗೆ! ನಾನು ಪ್ರತಿ ಗ್ರಾಫಿನಿಂದ ಎರಡೇ ಅಂಕಿ ತೆಗೆದೆ: ಮೊದಲ ಗಂಟೆಯ ಬರ್ಸ್ಟ್, ಅರ್ಧ ಔಷಧ ಹೊರಬರಲು ಹಿಡಿದ ಹೊತ್ತು. ವಿಶ್ಲೇಷಣೆಗೆ ಕೊಟ್ಟದ್ದು ಅವನ್ನೇ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಸಾದಾ ಚಿತ್ರ. ಬ್ಯಾಚ್‌ಗಳ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿದ್ದೆ, ನೋಟ್‌ಬುಕ್ಕಿನಲ್ಲಿ ಕೋಣೆಯ ಉಷ್ಣಾಂಶಕ್ಕೂ ಒಂದು ಕಾಲಂ ಇತ್ತು. ಬರ್ಸ್ಟ್‌ನ ಶೇಷಗಳನ್ನು (ಅಳೆದ ಅಂಕಿಗೂ ಸಮೀಕರಣದ ಊಹೆಗೂ ಇರುವ ವ್ಯತ್ಯಾಸ) ಈ ಉಷ್ಣಾಂಶದ ಎದುರು ಚುಕ್ಕಿ ಹಾಕಿದರೆ, ಬೆಳಗಿನ ಬ್ಯಾಚ್‌ಗಳು ಸೊನ್ನೆಯ ಕೆಳಗೆ, ಊಟದ ನಂತರದವು ಮೇಲೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಒಣ ಪಿಎಲ್‌ಜಿಎ ಮೆತ್ತಗಾಗುವುದು ಸುಮಾರು 45-50 ಡಿಗ್ರಿಗೆ. ನೀರು ಹೀರಿದಾಗ ಆ ಮಟ್ಟ ಇನ್ನೂ ಇಳಿಯುತ್ತದೆ. ಮೆತ್ತಗಾದ ಕಣದಿಂದ ಔಷಧ ಹೊರಮೈಗೆ ಸರಿಯುತ್ತದೆ ಎಂಬುದು ನನ್ನ ಅಂದಾಜು. ಚೀಟಿ ಎತ್ತದೆ, ಪಿವಿಎ ಸಾಂದ್ರತೆಯ ಕ್ರಮದಲ್ಲೇ ಬ್ಯಾಚ್ ಮಾಡಿದ್ದರೆ ಈ ಬಿಸಿಲಿನ ಪ್ರಭಾವವೆಲ್ಲ ಪಿವಿಎ ಲೆಕ್ಕಕ್ಕೆ ಸೇರಿಹೋಗುತ್ತಿತ್ತು.

ಕಣದ ಗಾತ್ರ ಅಳೆಯಲು ಬೆಂಗಳೂರಿಗೆ ಕಳಿಸಬೇಕು, ರಾತ್ರಿ ಬಸ್ಸಿನಲ್ಲಿ, ಐಸ್ ಪ್ಯಾಕ್ ಇಟ್ಟು. ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಅಂಟುತ್ತವೆ, ಹಾಗಾಗಿ ಬಾಟಲಿಗೆ ಐಸ್ ತಾಗದಂತೆ ಥರ್ಮೋಕೋಲ್ ಅಡ್ಡ ಇಡುತ್ತೇನೆ.

ಕೊನೆಗೆ ಸಮೀಕರಣ ತೋರಿಸಿದ ಬಿಂದುವಿನಲ್ಲಿ, ಬೀಕರನ್ನು 25 ಡಿಗ್ರಿಯ ವಾಟರ್ ಬಾತ್‌ನಲ್ಲಿಟ್ಟು ಹೊಸ ಬ್ಯಾಚ್ ಮಾಡಿದೆ. ಬರ್ಸ್ಟ್ ಶೇ 20ರ ಒಳಗೇ ಬಂತು. ಅರ್ಧ ಔಷಧ ಹೊರಬರುವ ಹೊತ್ತು ಮಾತ್ರ ಸಮೀಕರಣ ಊಹಿಸಿದ ವ್ಯಾಪ್ತಿಯ ಅಂಚಿಗೆ ತಾಗಿ ನಿಂತಿದೆ. ಅದಕ್ಕೀಗ ಲ್ಯಾಕ್ಟಿಕ್ ಪಾಲು ಹೆಚ್ಚಿರುವ 75:25 ಪಿಎಲ್‌ಜಿಎ ತರಿಸಿದ್ದೇನೆ.