ನಡುವಯಸ್ಸಿನ ಪ್ರೇಮ, ಪರದೇಶದ ಊರು: ಲಘು ಹಾಸ್ಯದ ಚಿತ್ರಕಥೆ ಬರೆಯುವ ಬಗೆ

ಪರದೇಶದಲ್ಲಿ ನಡುವಯಸ್ಸಿನವರಿಗೆ ಪ್ರೀತಿ ದೊರಕುವ ಚಿತ್ರಕಥೆಯನ್ನು ಬರೆಯಲು ಕುಳಿತವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ನಾಯಕಿ ಅಲ್ಲಿಗೆ ಯಾವ ಕೆಲಸಕ್ಕೆ ಹೋಗುತ್ತಾಳೆ? ಇಪ್ಪತ್ತೈದರ ಹುಡುಗಿ ಸುಮ್ಮನೆ ಊರು ನೋಡಲು ಹೊರಟಳೆಂದರೆ ಪ್ರೇಕ್ಷಕರು ಒಪ್ಪುತ್ತಾರೆ. ಮನೆ, ಸಾಲ, ಬಂಧುಗಳು, ನಿತ್ಯದ ಕರ್ತವ್ಯಗಳ ನಡುವೆ ಬದುಕಿದ ಐವತ್ತೊಂದರ ಹೆಂಗಸು ವಿಮಾನ ಹತ್ತಬೇಕಾದರೆ ಕಾರಣ ಗಟ್ಟಿಯಾಗಿರಬೇಕು. ಕನ್ನಡದಲ್ಲಿ ಬರೆಯುವವರಿಗೆ ಅಂಥ ಕಾರಣ ಕೈಗೆಟಕುವಷ್ಟು ಹತ್ತಿರದಲ್ಲಿದೆ. ನಮ್ಮ ಊರುಗಳಿಂದ ಎಷ್ಟೋ ತಾಯಂದಿರು ಲೇಹ್ಯ, ಓಮ, ತೆಂಗಿನೆಣ್ಣೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಮಗಳ ಬಾಣಂತನಕ್ಕೆಂದು ಹೊರದೇಶಗಳಿಗೆ ಹೋಗುತ್ತಾರೆ. ಅಜ್ಜಿಯಾಗಲು ಹೋದ ಹೆಂಗಸು ಅಲ್ಲಿ ಪ್ರೀತಿಯಲ್ಲಿ ಬೀಳುತ್ತಾಳೆ ಎನ್ನುವ ಒಂದು ವಾಕ್ಯದಲ್ಲೇ ಹಾಸ್ಯವೂ ಸಂಕಟವೂ ಸೇರಿಕೊಂಡಿವೆ.

ಊರನ್ನು ಆರಿಸುವಾಗ ಅದರ ಅಂದಕ್ಕಿಂತ ಅದು ನಾಯಕಿಯಿಂದ ಏನನ್ನು ಕೇಳುತ್ತದೆ ಎಂಬುದನ್ನು ನೋಡಿ. ಉದಾಹರಣೆಗೆ, ಮಲ್ಪೆಯಲ್ಲಿ ಹುಟ್ಟಿ ಬೆಳೆದು, ಗಂಡನನ್ನು ಕಳೆದುಕೊಂಡು ಹತ್ತು ವರ್ಷ ಕಳೆದಿರುವ ನಾಯಕಿಯನ್ನು ಪೋರ್ಚುಗಲ್ಲಿನ ಲಿಸ್ಬನ್ನಿಗೆ ಕಳುಹಿಸೋಣ. ಮಗಳ ಮನೆ ಅಲ್ಫಾಮಾ ಎಂಬ ಹಳೆಯ ಬಡಾವಣೆಯ ಏರುಬೀದಿಯಲ್ಲಿರಲಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ನಿಯಮದಂತೆ ಯಾವುದೇ 180 ದಿನಗಳ ಅವಧಿಯಲ್ಲಿ ಆಕೆ ಅಲ್ಲಿ ಇರಬಹುದಾದದ್ದು ಹೆಚ್ಚೆಂದರೆ 90 ದಿನ, ಬಾಣಂತನಕ್ಕೂ ಸರಿಸುಮಾರು ಅಷ್ಟೇ ಬೇಕು. ಇಂಥ ಗಡುವು ಸಿಕ್ಕರೆ ಕಥೆಗೆ ಖಳನಾಯಕನ ಅಗತ್ಯವೇ ಬೀಳದು. ಆಕೆ ಏಪ್ರಿಲ್ 15ರಂದು ಇಳಿದರೆ ಜುಲೈ 13ಕ್ಕೆ 90ನೆಯ ದಿನ ತುಂಬುತ್ತದೆ. ಈ ದಿನದರ್ಶಿಯನ್ನು ಗೋಡೆಗೆ ಅಂಟಿಸಿಕೊಂಡು, ಯಾವ ದೃಶ್ಯ ಎಷ್ಟನೆಯ ದಿನ ನಡೆಯುತ್ತದೆ ಎಂದು ಗುರುತಿಸಿಕೊಂಡೇ ಬರೆಯಿರಿ.

ನಗು ಎಲ್ಲಿಂದ ಹುಟ್ಟಬೇಕು ಎಂಬುದು ಈ ಬಗೆಯ ಕಥೆಯ ಮರ್ಮ, ಬಹಳಷ್ಟು ಚಿತ್ರಕಥೆಗಳು ಎಡವುವುದೂ ಇಲ್ಲಿಯೇ. ನಾಯಕಿಯ ವಯಸ್ಸು, ಮೈಕಟ್ಟು, ತಪ್ಪು ಇಂಗ್ಲಿಷ್ ಇವುಗಳಿಂದ ನಗಿಸಲು ಹೊರಟರೆ ಪ್ರೇಕ್ಷಕರು ಹತ್ತು ನಿಮಿಷ ನಗಬಹುದು, ಆದರೆ ಆಮೇಲೆ ಅವಳ ಪ್ರೀತಿಯನ್ನು ಅವರು ನಂಬುವುದಿಲ್ಲ. ಐವತ್ತು ದಾಟಿದ ವ್ಯಕ್ತಿಯ ವಿಶೇಷವೆಂದರೆ ಆಕೆ ತನ್ನ ಊರಿನಲ್ಲಿ ಹತ್ತಾರು ವಿಷಯಗಳಲ್ಲಿ ನುರಿತವಳು. ಯಾರಿಗೆ ಎಷ್ಟು ಮರ್ಯಾದೆ ಕೊಡಬೇಕು, ಯಾವ ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಾನೆ, ಯಾವ ಸಂಬಂಧಿಕರ ಮುಂದೆ ಯಾವ ಮಾತು ಆಡಬಾರದು ಎಂಬುದೆಲ್ಲ ಆಕೆಗೆ ಗೊತ್ತು. ಪರದೇಶದಲ್ಲಿ ಆ ನೈಪುಣ್ಯವೆಲ್ಲ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಗುವುದೇ ನಿಜವಾದ ಹಾಸ್ಯ. ಟ್ರಾಮಿನ ಚೀಟಿಯನ್ನು ಎಲ್ಲಿ ಒತ್ತಬೇಕೆಂದು ತಿಳಿಯುವುದಿಲ್ಲ, ನುಣುಪಾದ ಕಲ್ಲುಹಾಸಿನ ಇಳಿಜಾರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ, ಮಲ್ಪೆಯ ಅಣ್ಣ ಬೆಳಿಗ್ಗೆ 7 ಗಂಟೆಗೆ ಫೋನು ಮಾಡಿದರೆ ಇಲ್ಲಿ ನಡುರಾತ್ರಿ 2.30 ಆಗಿರುತ್ತದೆ ಮತ್ತು ಆಗತಾನೆ ಮಲಗಿದ ಮಗು ಏಳುತ್ತದೆ.

ಹಾಗೆ ಎಲ್ಲವನ್ನೂ ಕಳೆದುಕೊಂಡವಳ ಕೈಯಲ್ಲಿ ಒಂದೇ ಒಂದು ವಿದ್ಯೆ ಉಳಿದಿರಲಿ, ಪ್ರೀತಿ ಆ ಬಾಗಿಲಿನಿಂದಲೇ ಒಳಗೆ ಬರಲಿ. ಮಲ್ಪೆಯವಳಿಗೆ ಮೀನು ಗೊತ್ತು. ಲಿಸ್ಬನ್ನಿನವರು ಬೇಸಿಗೆಯಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಸಾರ್ಡೀನ್, ನಮ್ಮ ಬೂತಾಯಿಯ ಹತ್ತಿರದ ಸಂಬಂಧಿ. ರಿಬೈರಾ ಮಾರುಕಟ್ಟೆಯ ಮೀನಿನ ಕಟ್ಟೆಯ ಮುಂದೆ ಆಕೆ ಒಂದು ಮಾತೂ ಆಡದೆ ಕಿವಿರನ್ನು ಬೆರಳಿನಿಂದ ಎತ್ತಿ ನೋಡಿ, ಕಣ್ಣಿನ ಹೊಳಪು ನೋಡಿ, ನಾಲ್ಕನ್ನು ಆರಿಸಿ ಐದನೆಯದನ್ನು ಹಿಂದಕ್ಕೆ ಸರಿಸಲಿ. ಪಕ್ಕದಲ್ಲಿ ನಿಂತು ಅದೇ ಐದನೆಯದಕ್ಕೆ ಕೈಚಾಚಿದ್ದ, ಸಣ್ಣ ಊಟದ ಮನೆಯೊಂದನ್ನು ನಡೆಸುವ ಗಂಡಸು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿ. ಇಬ್ಬರ ಮೊದಲ ಭೇಟಿಗೆ ಇಷ್ಟು ಸಾಕು. ಇಲ್ಲಿ ವಾಸ್ಕೋ ಡ ಗಾಮನ ಪ್ರಸ್ತಾಪ ಮಾಡಿ ಇತಿಹಾಸದ ಪಾಠ ಆರಂಭಿಸಬೇಡಿ. ಆತ 1498ರಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದಿದ್ದನೆಂಬ ಪ್ರತೀತಿಯನ್ನು ಬಹಳ ತಡವಾಗಿ, ಅದೂ ಒಂದೇ ಮಾತಿನಲ್ಲಿ, ನಾಯಕಿ ಹೇಳಿದರೆ ಚೆನ್ನ.

ನಾಯಕನಿಗೂ ಒಂದು ಬದುಕು ಕೊಡಿ. ಗಿಟಾರು ಹಿಡಿದು ಬಿಡುವಾಗಿ ಕುಳಿತ ಗಂಡಸು ನಡುವಯಸ್ಸಿನ ಕಥೆಗೆ ಒಗ್ಗುವುದಿಲ್ಲ. ಮಹಡಿಯ ಮೇಲೆ ವಯಸ್ಸಾದ ತಾಯಿ, ತೀರದ ಬಾಡಿಗೆ, ವಿಚ್ಛೇದನದ ನಂತರವೂ ಲೆಕ್ಕ ಕೇಳಲು ಬರುವ ಮಾಜಿ ಪತ್ನಿ ಇದ್ದರೆ ಆತ ನಂಬಿಕೆಗೆ ಅರ್ಹನಾಗುತ್ತಾನೆ.

ಇನ್ನು ಮಾತಿನ ವಿಚಾರ. ನಡುವಯಸ್ಸಿನವರು ಮನಸ್ಸಿನಲ್ಲಿರುವುದನ್ನು ಗೆಳತಿಗೂ ಸುಲಭವಾಗಿ ಹೇಳುವುದಿಲ್ಲ, ಆದ್ದರಿಂದ ಅವರ ಒಳಮಾತನ್ನು ಕೇಳಿಸುವ ಉಪಾಯವನ್ನು ಲೇಖಕರೇ ಹುಡುಕಬೇಕು. 1989ರ ‘ಶರ್ಲಿ ವ್ಯಾಲೆಂಟೈನ್’ ಚಿತ್ರದಲ್ಲಿ ಲಿವರ್‌ಪೂಲಿನ ಗೃಹಿಣಿ ಅಡುಗೆಮನೆಯ ಗೋಡೆಯೊಂದಿಗೆ ಮಾತಾಡುತ್ತಾಳೆ; ಗ್ರೀಸಿಗೆ ಹೋದ ಮೇಲೆ ಕೇಳಲು ಬಂಡೆ ಸಿಗುತ್ತದೆ. ನಮ್ಮ ನಾಯಕಿಗೆ ಇನ್ನೂ ಒಳ್ಳೆಯ ಶ್ರೋತೃವಿದೆ: ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಾಗ ಮೊಮ್ಮಗುವಿಗೆ ಆಕೆ ಮಗಳಿಗೆ ಹೇಳಲಾಗದ್ದನ್ನೆಲ್ಲ ಹೇಳಬಹುದು. ಪ್ರತಿ ಸ್ನಾನದಲ್ಲೂ ಒಂದೊಂದು ಹೆಜ್ಜೆ ಮುಂದೆ ಹೋಗುವಂತೆ ನಾಲ್ಕು ಸ್ನಾನಗಳನ್ನು ಬರೆಯಿರಿ, ನಾಲ್ಕನೆಯದರಲ್ಲಿ ಬಾಗಿಲ ಹೊರಗೆ ಮಗಳು ನಿಂತಿರಲಿ. ನಾಯಕ ನಾಯಕಿಯರ ನಡುವಿನ ಮಾತಿಗೆ ಸಮಾನ ಭಾಷೆಯನ್ನು ಬಲವಂತವಾಗಿ ತುರುಕುವ ಅಗತ್ಯವಿಲ್ಲ. 2012ರ ‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರದಲ್ಲಿ ನಾಯಕಿ ಹಿಂದಿಯಲ್ಲಿ, ಅವಳನ್ನು ಮೆಚ್ಚಿದ ಗಂಡಸು ಫ್ರೆಂಚಿನಲ್ಲಿ ಮಾತಾಡುವ ದೃಶ್ಯ ಅದನ್ನು ಸೊಗಸಾಗಿ ತೋರಿಸಿದೆ. ನೀವು ಅದನ್ನೇ ನಕಲು ಮಾಡದೆ, ಇಬ್ಬರೂ ಒಟ್ಟಿಗೆ ಮಾಡುವ ಒಂದು ಕೆಲಸವನ್ನು ಹುಡುಕಿ. ನಮ್ಮ ಕರಾವಳಿಯ ಹುಳಿ-ಖಾರದ ಮೀನಿನ ಪದಾರ್ಥವಾದ ಪುಳಿಮುಂಚಿಗೆ ಎಷ್ಟು ಮೆಣಸು ಹಾಕಬೇಕೆಂಬ ಜಗಳಕ್ಕೆ ಯಾವ ಭಾಷೆಯೂ ಬೇಕಾಗುವುದಿಲ್ಲ.

ಮಗಳನ್ನು ಕೆಟ್ಟವಳನ್ನಾಗಿ ಮಾಡಿದರೆ ಕಥೆ ಅಲ್ಲಿಗೇ ಮುಗಿಯಿತು. ನಿದ್ದೆಗೆಟ್ಟು, ಮೈನೋವಿನಲ್ಲಿ ಬಳಲುತ್ತಿರುವ ಆಕೆಗೆ ಈಗ ತಾಯಿ ಬೇಕು. ಅದೇ ಮೂರು ತಿಂಗಳಲ್ಲಿ ತಾಯಿಗೆ ತನ್ನದೇ ಆದ ಸಂಜೆಯೊಂದು ಬೇಕಾಗಿದೆ. ಎರಡು ಬೇಡಿಕೆಗಳೂ ನ್ಯಾಯವಾದವು. “ಜನ ಏನೆಂದಾರು” ಎಂಬ ಮಾತನ್ನು ಮಗಳ ಬಾಯಲ್ಲಿ ಹಾಕದೆ ತಾಯಿಯ ಬಾಯಲ್ಲೇ ಹಾಕಿ ನೋಡಿ, ಆ ದೃಶ್ಯಕ್ಕೆ ಬೇರೆಯದೇ ತೂಕ ಬರುತ್ತದೆ.

ಜೂನ್ 12ರ ರಾತ್ರಿಯನ್ನು ಕಥೆಯ ಏರುಬಿಂದುವಾಗಿ ಇಟ್ಟುಕೊಳ್ಳಿ. ಅದು ಆಕೆಯ 59ನೆಯ ದಿನ, ಎರಡು ಗಂಟೆಯ ಚಿತ್ರದಲ್ಲಿ ಸುಮಾರು ಎಂಬತ್ತನೆಯ ನಿಮಿಷ. ಮರುದಿನ ಲಿಸ್ಬನ್ನಿನಲ್ಲೇ ಹುಟ್ಟಿದ ಸಂತ ಅಂತೋನಿಯ ಹಬ್ಬ. ನಮ್ಮ ಕರಾವಳಿಯ ಕ್ರೈಸ್ತರಿಗೂ ಪರಿಚಿತನಾದ ಈ ಸಂತ ಅಲ್ಲಿ ಮದುವೆ ಕೂಡಿಸುವವನೆಂದೇ ಪ್ರಸಿದ್ಧ. 1958ರಲ್ಲಿ ಆತನ ಹೆಸರಿನಲ್ಲಿ ಆರಂಭವಾದ ಸಾಮೂಹಿಕ ವಿವಾಹ 1974ರಲ್ಲಿ ನಿಂತು, 1997ರಿಂದ ಮತ್ತೆ ನಡೆಯುತ್ತಿದೆ. ಅಲ್ಫಾಮಾದ ಓಣಿ ಓಣಿಯಲ್ಲೂ ಸಾರ್ಡೀನಿನ ಹೊಗೆ ಏಳುತ್ತದೆ. ಪ್ರೇಮಿಗಳು ಮಂಜೆರಿಕೊ ಎಂಬ ಪುಟ್ಟ ಗಿಡದ ಕುಂಡವನ್ನು, ಕಾಗದದ ಹೂವು ಮತ್ತು ನಾಲ್ಕು ಸಾಲಿನ ಪದ್ಯ ಸಿಕ್ಕಿಸಿ ಉಡುಗೊರೆ ಕೊಡುತ್ತಾರೆ. ಅದು ನಮ್ಮ ಕಾಮಕಸ್ತೂರಿಯ ಜಾತಿಯದು, ತುಳಸಿಯ ಕುಲದ್ದು. ಅದನ್ನು ನೇರವಾಗಿ ಮೂಸಬಾರದು. ಅಂಗೈಯಿಂದ ಎಲೆಗಳನ್ನು ಸವರಿ, ಅಂಗೈಯನ್ನು ಮೂಸಬೇಕೆಂಬುದು ಅಲ್ಲಿಯ ರೂಢಿ. ನಿತ್ಯ ತುಳಸಿಕಟ್ಟೆಗೆ ನೀರೆರೆದ ಹೆಂಗಸು ಆ ಕುಂಡವನ್ನು ಕೈಗೆ ತೆಗೆದುಕೊಂಡಾಗ ಆಕೆ ಏನು ಮಾಡುತ್ತಾಳೆ ಎಂಬುದನ್ನು ಬರೆಯಲು ಒಂದಿಡೀ ವಾರ ತೆಗೆದುಕೊಂಡರೂ ತಪ್ಪಿಲ್ಲ. ನನ್ನ ಮಟ್ಟಿಗೆ ಚುಂಬನಕ್ಕಿಂತ ಈ ಅಂಗೈಯ ದೃಶ್ಯದಲ್ಲೇ ಹೆಚ್ಚು ಶೃಂಗಾರವಿದೆ.

ಮುಕ್ತಾಯವನ್ನು ಬರವಣಿಗೆ ಆರಂಭಿಸುವ ಮೊದಲೇ ನಿರ್ಧರಿಸಿರಬೇಕು. 1955ರ ‘ಸಮ್ಮರ್‌ಟೈಮ್’ ಚಿತ್ರದಲ್ಲಿ ಕ್ಯಾಥರಿನ್ ಹೆಪ್‌ಬರ್ನ್ ವೆನಿಸಿನ ಪ್ರಿಯಕರನನ್ನು ಬಿಟ್ಟು ರೈಲು ಹತ್ತುತ್ತಾಳೆ. ಆತ ವಿವಾಹಿತನಾದುದರಿಂದ ಆ ಅಗಲಿಕೆ ಸಹಜವಾಗಿದೆ. ಲಘು ಹಾಸ್ಯದ ಚಿತ್ರ ಪ್ರೇಕ್ಷಕರಿಗೆ ಸಂತೋಷದ ಮುಕ್ತಾಯದ ಮಾತು ಕೊಟ್ಟಿರುತ್ತದೆ, ಆ ಮಾತನ್ನು ಉಳಿಸಿಕೊಳ್ಳಲೇಬೇಕು. ಹಾಗೆಂದು ನಾಯಕಿ ವಿಮಾನ ನಿಲ್ದಾಣದಿಂದ ಹಿಂದಿರುಗಿ ಓಡಿ ಬಂದರೆ ವೀಸಾದ ನಿಯಮವನ್ನೇ ಮರೆತಂತಾಗುತ್ತದೆ. 90 ದಿನ ಪೂರ್ತಿ ಕಳೆದವಳು ಅಕ್ಟೋಬರ್ ಎರಡನೆಯ ವಾರದವರೆಗೆ ಮತ್ತೆ ಕಾಲಿಡುವಂತಿಲ್ಲ. ಆಕೆ ಹೇಳಿದ ದಿನವೇ ಮರಳಲಿ, ಪ್ರಯಾಣ ಮಾಡುವ ಸರದಿ ಆತನದಾಗಲಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಜುಲೈ ಕೊನೆಯ ವಾರ ಆತ ಮಲ್ಪೆಗೆ ಬಂದಾಗ ಬಂದರಿನ ತುಂಬ ದೋಣಿಗಳು ಮಳೆಯಲ್ಲಿ ಸುಮ್ಮನೆ ನಿಂತಿರುತ್ತವೆ, ನಾಡದೋಣಿಯವರು ತಂದ ಸ್ವಲ್ಪ ಮೀನಿಗೆ ದುಬಾರಿ ಬೆಲೆ. ಈಗ ಏನೂ ತಿಳಿಯದವನು ಆತ, ಚೌಕಾಸಿ ಮಾಡಿ ಕೊಡಿಸುವವಳು ಆಕೆ.

ನಿರ್ಮಾಪಕರ ಬಳಿ ಹೋಗುವಾಗ ಈ ಎರಡು ದಿನಾಂಕಗಳನ್ನು ಮೊದಲ ಪುಟದಲ್ಲೇ ನಮೂದಿಸಿ. ಜೂನ್ 12ರ ಬೀದಿಯನ್ನು ಬೇರೆ ತಿಂಗಳಲ್ಲಿ ಕೃತಕವಾಗಿ ಕಟ್ಟುವುದು ದುಬಾರಿ, ಆಗಸ್ಟ್ 1ರ ನಂತರ ದೋಣಿಗಳು ಕಡಲಿಗಿಳಿದರೆ ಮಲ್ಪೆಯ ದೃಶ್ಯವನ್ನು ಮುಂದಿನ ವರ್ಷದವರೆಗೆ ಚಿತ್ರೀಕರಿಸಲಾಗದು.